ಸ್ಕ್ರೂ ಮೇಲಿನ ಅರಗು

ಊಟ ಮುಗಿಸಿ ಮತ್ತೆ ಗುಡ್ಡ ಹತ್ತಿ ಬಂದ ಮುಕುಂದ ಕೋನ ಅಳೆಯುವ ಉಪಕರಣವನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದ. ಅದರ ಮೇಲೆ ಕೂರಿಸಿದ್ದ ಗಾಜಿನ ನಳಿಗೆಯಲ್ಲಿ ಗಾಳಿಯ ಗುಳ್ಳೆಯೊಂದಿತ್ತು. ಉಪಕರಣ ಸರಿಯಾಗಿದ್ದರೆ ಯಾವ ದಿಕ್ಕಿಗೆ ತಿರುಗಿಸಿದರೂ ಆ ಗುಳ್ಳೆ ನಡುವಿನಲ್ಲೇ ನಿಲ್ಲಬೇಕು. ಬೆಳಿಗ್ಗೆ ಹಾಗೇ ನಿಂತಿತ್ತು. ಈಗ ಅದು ಜಾರಿಕೊಂಡು ಒಂದು ತುದಿಗೆ ಹೋಯಿತು. ನಿನ್ನೆ ಮಧ್ಯಾಹ್ನವೂ ಹೀಗೇ ಆಗಿತ್ತು, ಮೊನ್ನೆಯೂ.

ಅವನು ತಲೆ ಎತ್ತಿದ. ಪಕ್ಕದಲ್ಲಿ ಕರಿ ಛತ್ರಿ ಹಿಡಿದು ಚಾಂದಪಾಶಾ ನಿಂತಿದ್ದ. ಮುಕುಂದ ಊಟಕ್ಕೆ ಇಳಿದು ಹೋದಾಗಲೆಲ್ಲ ಉಪಕರಣದ ಹತ್ತಿರ ಇರುತ್ತಿದ್ದವನು ಅವನೊಬ್ಬನೇ.

ಫಸಲಿ 1338ರ, ಅಂದರೆ 1929ರ ಬೇಸಿಗೆ ಅದು. ಕಮಲಾಪುರದ ಕೆರೆಯಿಂದ ಮಹಾಗಾಂವದ ಕಡೆಗೆ ಕಾಲುವೆ ತೋಡಲು ನಿಜಾಮ ಸರ್ಕಾರ ಯೋಚಿಸುತ್ತಿತ್ತು. ಅದರ ದಾರಿ ಗುರುತಿಸಲು ಗುಡ್ಡದಿಂದ ಗುಡ್ಡಕ್ಕೆ ಕೋನಗಳನ್ನು ಅಳೆಯಬೇಕಿತ್ತು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಬಂದಿದ್ದ ಮುಕುಂದ ಕೆಲವು ಕಾಲ ಪೈಮಾಯಿಷಿ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದ. ಭೂಮಿ ಅಳೆಯುವ ಆ ಕಚೇರಿಗೆ ವಿಲಾಯತಿಯಿಂದ ಬರುತ್ತಿದ್ದ ಕೋನ ಅಳೆಯುವ ದುರ್ಬೀನುಗಳು ಅವನಿಗೆ ಹಿಡಿಸುತ್ತಿರಲಿಲ್ಲ. ಅವುಗಳಲ್ಲಿ ಒಂದು ಲೋಹದ ಗೂಟ ಇನ್ನೊಂದು ಲೋಹದ ಕುಣಿಯಲ್ಲಿ ಉಜ್ಜಿಕೊಂಡು ತಿರುಗುತ್ತಿತ್ತು. ಎರೆಮಣ್ಣಿನ ಧೂಳು ಎಣ್ಣೆಗೆ ಸೇರಿದರೆ ಗೂಟ ಬಿಗಿಯಾಗಿ, ಕೈ ಬಿಟ್ಟ ಮೇಲೂ ಚೂರು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಆ ಚೂರೇ ಮೈಲು ದೂರದಲ್ಲಿ ಒಂದು ಹೊಲದ ಬದುವಿನಷ್ಟು ತಪ್ಪಾಗುತ್ತಿತ್ತು. ಗೂಟದ ಸುತ್ತ ಉಕ್ಕಿನ ಸಣ್ಣ ಗುಂಡುಗಳ ಎರಡು ಸಾಲು ಕೂರಿಸಿದರೆ ಉಜ್ಜುವುದೇ ಇರುವುದಿಲ್ಲ, ಬರೀ ಉರುಳುವುದು ಎಂದು ಅವನಿಗೆ ಹೊಳೆದಿತ್ತು. ನೌಕರಿ ಬಿಟ್ಟು ಅದರ ಹಿಂದೆ ಬಿದ್ದ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಲೇತ್ ಇಟ್ಟುಕೊಂಡಿದ್ದ ಚಾಂದಪಾಶಾ ಅವನ ನಕಾಶೆ ನೋಡಿ ನಕ್ಕಿರಲಿಲ್ಲ. ಅದೊಂದೇ ಕಾರಣಕ್ಕೆ ಇಬ್ಬರೂ ಜೊತೆಯಾದರು. ಗುಂಡುಗಳು ಮುಂಬಯಿಯಿಂದ ಬಂದವು. ಅವು ಓಡಾಡುವ ಉಕ್ಕಿನ ಉಂಗುರಗಳನ್ನು ಚಾಂದಪಾಶಾ ಅರೆದು ಅರೆದು ಕನ್ನಡಿ ಮಾಡಿದ. ಉಂಗುರಗಳನ್ನು ಹಿಡಿದಿಡುವ ಹಿತ್ತಾಳೆಯ ಕೊಳವೆ ಮುಕುಂದನ ವಿನ್ಯಾಸ. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ, ನೋಡಲೂ ಚೆಂದ ಎಂದು ಅವನು ಅದನ್ನು ಆರಿಸಿದ್ದ. ಅಂಗಡಿಯ ದಪ್ಪ ಕಲ್ಲುಗೋಡೆಯ ಒಳಕೋಣೆಯಲ್ಲಿ ಇಟ್ಟು ನೋಡಿದಾಗ ಒಂದು ಸಲವೂ ಗುಳ್ಳೆ ಕದಲಲಿಲ್ಲ. ಕಚೇರಿಯ ಅಧಿಕಾರಿ ಕಮಲಾಪುರದ ಕೋನಗಳನ್ನು ಅಳೆದು ತರಲು ಹೇಳಿದ. ತಮ್ಮ ದುರ್ಬೀನಿನಿಂದಲೂ ಅಳೆಸಿ ತಾಳೆ ನೋಡುವುದಾಗಿ, ತಾಳೆಯಾದರೆ ಇಂಥವು ಇನ್ನಷ್ಟು ಮಾಡಿಸುವುದಾಗಿ ಮಾತು ಕೊಟ್ಟ.

ಆದರೆ ಇಲ್ಲಿ, ಬಯಲಿಗೆ ಬಂದ ಮೇಲೆ, ಹೀಗೆ.

ಸಂಜೆ ಮುಕುಂದ ಒಬ್ಬನೇ ಕೂತು ಉಪಕರಣ ಬಿಚ್ಚಿ ನೋಡಿದ. ಉಂಗುರಗಳು ಬಿಗಿಯಾಗಿದ್ದವು. ಗುಂಡುಗಳಲ್ಲಿ ಒಂದೂ ಸವೆದಿರಲಿಲ್ಲ. ಎಲ್ಲೂ ತಪ್ಪಿಲ್ಲ. ತಪ್ಪಿಲ್ಲದ ಯಂತ್ರ ಮಧ್ಯಾಹ್ನವಷ್ಟೇ ಕೆಡುತ್ತದೆ ಎಂದರೆ ಮಧ್ಯಾಹ್ನ ಯಾರೋ ಕೈ ಹಾಕುತ್ತಿದ್ದಾರೆ ಎಂದೇ ಅವನಿಗೆ ಅನಿಸಿತು.

ಆಗ ಹೆಂಡತಿ ಸರಸ್ವತೀಬಾಯಿ ಹೇಳಿದ್ದು ನೆನಪಾಯಿತು. ಕಮಲಾಪುರಕ್ಕೆ ಹೊರಡುವ ಮುಂಚೆ ಅವಳು ತಂಗಿಯನ್ನು ಸೋಲಾಪುರದ ಗಾಡಿ ಹತ್ತಿಸಲು ಸ್ಟೇಶನ್ನಿಗೆ ಹೋಗಿದ್ದಳು. ಅಲ್ಲಿಯ ಚಹಾದ ಅಂಗಡಿಯಲ್ಲಿ ಚಾಂದಪಾಶಾ ಒಬ್ಬ ಕೋಟು ಹಾಕಿದವನ ಜೊತೆ ಕೂತಿದ್ದ. ಇವಳನ್ನು ಕಂಡವನೇ ಮುಖ ಆ ಕಡೆ ತಿರುಗಿಸಿದನಂತೆ. ಕೋಟಿನವನ ಚಹರೆ ಕೇಳಿದಾಗಲೇ ಮುಕುಂದನಿಗೆ ಗೊತ್ತಾಗಿತ್ತು. ಕಚೇರಿಗೆ ವಿಲಾಯತಿ ದುರ್ಬೀನು ಮಾರುವ ಮುಂಬಯಿ ಕಂಪನಿಯ ಏಜಂಟ ಅವನು. ಅಂದು ಮುಕುಂದ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಈಗ ಅದು ಬಿಟ್ಟು ಬೇರೆ ಏನೂ ಮನಸ್ಸಿನಲ್ಲಿ ಉಳಿಯಲಿಲ್ಲ.

ಅವರು ಇಳಿದುಕೊಂಡಿದ್ದು ಖಂಡೆಪ್ಪನೆಂಬ ರೈತನ ಮನೆಯ ಪಡಸಾಲೆಯಲ್ಲಿ. ಕಾಲುವೆ ತನ್ನ ಬಾಳೆಯ ತೋಟದೊಳಗೆ ಹಾಯುತ್ತದೋ ಅಂಚಿಗೆ ಹಾಯುತ್ತದೋ ಎಂಬ ಚಿಂತೆ ಅವನದು, ಹಾಗಾಗಿ ಗುಡ್ಡದ ಮೇಲೆ ಯಾವಾಗಲೂ ಒಂದು ಕಣ್ಣಿಟ್ಟಿದ್ದ. ಮುಕುಂದ ಮಾತಿಗೆ ಮಾತು ಸೇರಿಸುತ್ತ, ತಾನಿಲ್ಲದಾಗ ಮೇಲೆ ಏನಾದರೂ ಕಂಡಿತೇ ಎಂದು ಕೇಳಿದ.

"ನಾ ಯಾಕ ಸುಳ್ಳ ಹೇಳ್ಲಿ ರಾಯರ," ಖಂಡೆಪ್ಪ ದನಿ ತಗ್ಗಿಸಿದ. "ನೀವು ಇತ್ತ ಇಳದ್ರಿ ಅಂದ್ರ ಅವ್ರು ಛತ್ರಿ ಬಾಗಿಸ್ತಾರ. ಛತ್ರಿ ಬುಡಕ ಬಗ್ಗಿ ಏನೋ ಮಾಡತಾರ. ಏನಂತ ನನಗೇನ ತಿಳೀತೈತಿ."

ಮರುದಿನ ನಸುಕಿನಲ್ಲಿ ಮುಕುಂದ ಕೊಳವೆಯ ಸ್ಕ್ರೂಗಳ ತಲೆಯ ಮೇಲೆ ಅರಗು ಕರಗಿಸಿ ಒಂದೊಂದು ಚುಕ್ಕೆ ಇಟ್ಟ. ಸ್ಕ್ರೂ ತಿರುಗಿಸಿದರೆ ಅರಗು ಒಡೆಯಲೇಬೇಕು. ಉಪಕರಣ ಹೊತ್ತು ಮೇಲೆ ತಂದ ಚಾಂದಪಾಶಾ ಅದನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸುವಾಗ ಒಂದು ಗಳಿಗೆ ಕೈ ತಡೆದ. ಮುಕುಂದನ ಕಡೆ ಒಮ್ಮೆ ನೋಡಿ ಧೂಳು ಒರೆಸಿದ.

ಮಧ್ಯಾಹ್ನ ಅರಗು ಒಡೆದಿರಲಿಲ್ಲ. ಗುಳ್ಳೆ ಮಾತ್ರ ಓಡಿತು.

ಅನುಮಾನ ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಇವನು ಅರಗನ್ನು ಕಂಡಿದ್ದಾನೆ, ತಾನೂ ಅರಗು ತಂದಿರಬೇಕು, ಕೆಲಸ ಮುಗಿಸಿ ಮತ್ತೆ ಚುಕ್ಕೆ ಇಟ್ಟಿದ್ದಾನೆ ಎಂದು ಮುಕುಂದ ತರ್ಕ ಕಟ್ಟಿದ. ಚಾಂದಪಾಶಾ ನಕ್ಕರೆ ಯಾಕೆ ನಕ್ಕ ಎನ್ನಿಸುತ್ತಿತ್ತು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾನೆ ಎನ್ನಿಸುತ್ತಿತ್ತು. ಅವನು ನಮಾಜಿಗೆ ಹೋದಾಗ ಅವನ ಚೀಲಕ್ಕೆ ಕೈ ಹಾಕಿ ನೋಡಿದ. ಲೋಹ ಉಜ್ಜುವ ಸಣ್ಣ ಕಾನಸುಗಳು, ಒಂದು ಟವೆಲು, ಮನೆಯಿಂದ ಹೆಂಡತಿ ನಜ್ಮಾ ಕಟ್ಟಿಕೊಟ್ಟ ಖಜೂರ. ಅರಗು ಇರಲಿಲ್ಲ. ಅದೂ ಅವನ ಜಾಣತನವೆಂದೇ ಮುಕುಂದನಿಗೆ ತೋರಿತು.

ಕೊನೆಗೆ ಒಳ್ಳೆಯ ಎಣ್ಣೆ ತರಬೇಕೆಂಬ ನೆಪ ಹೇಳಿ ಚಾಂದಪಾಶಾನನ್ನು ಕಲಬುರಗಿಗೆ ಕಳಿಸಿದ. ಎಣ್ಣೆ ಇನ್ನೂ ಸೀಸೆ ತುಂಬ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು. "ಆತು, ತರತೀನಿ," ಎಂದಷ್ಟೇ ಹೇಳಿ ಅವನು ಎತ್ತಿನ ಗಾಡಿ ಹತ್ತಿದ.

ಅಂದು ಮುಕುಂದ ರೊಟ್ಟಿಯನ್ನು ಮೇಲೇ ತರಿಸಿಕೊಂಡು ಉಪಕರಣದ ಪಕ್ಕದಿಂದ ಕದಲಲಿಲ್ಲ. ಛತ್ರಿ ಚಾಂದಪಾಶಾನ ಜೊತೆ ಹೋಗಿತ್ತು. ಬಿಸಿಲು ಏರಿತು. ಕೆಂಪು ಮುರಕಲ್ಲು ಕಾದು ಚಪ್ಪಲಿಯೊಳಗೆ ಕಾಲು ಸುಟ್ಟಿತು. ಯಾರೂ ಬರಲಿಲ್ಲ, ಯಾರೂ ಮುಟ್ಟಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಅವನು ಉಪಕರಣ ತಿರುಗಿಸಿದ. ಗುಳ್ಳೆ ಎಂದಿಗಿಂತ ದೂರ ಓಡಿತು.

ಅವನು ನಂಬಲಾರದೆ ಕೊಳವೆಯನ್ನು ಹಿಡಿದ. ಹಿಡಿದವನೇ ಕೈ ಹಿಂದಕ್ಕೆ ಎಳೆದುಕೊಂಡ. ಹಿತ್ತಾಳೆ ಕೆಂಡದಂತೆ ಸುಡುತ್ತಿತ್ತು.

ಅವನು ಟೊಪ್ಪಿಗೆ ತೆಗೆದು ಉಪಕರಣಕ್ಕೆ ನೆರಳು ಹಿಡಿದು, ಕುಡಿಯಲು ತಂದಿದ್ದ ನೀರಿನಲ್ಲಿ ಧೋತರದ ಚುಂಗು ಅದ್ದಿ ಕೊಳವೆಗೆ ಸುತ್ತಿದ. ತಣ್ಣಗಾದ ಮೇಲೆ ತಿರುಗಿಸಿದ. ಗುಳ್ಳೆ ನಡುವಿನಲ್ಲಿ ನಿಂತಿತು. ಬಟ್ಟೆ ತೆಗೆದು ಬಿಸಿಲಿಗೆ ಬಿಟ್ಟ, ಮತ್ತೆ ಓಡಿತು. ಕಾದಾಗ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದ ಕೊಳವೆ ಉಕ್ಕಿನ ಉಂಗುರವನ್ನು ಸಡಿಲ ಬಿಡುತ್ತಿತ್ತು, ತಣಿದ ಮೇಲೆ ಮತ್ತೆ ಬಿಗಿ ಹಿಡಿಯುತ್ತಿತ್ತು. ಪುಣೆಯಲ್ಲಿ ಮೊದಲ ವರ್ಷ ಓದಿದ ಪಾಠ ಅದು. ಸಂಜೆ ಬಿಚ್ಚಿ ನೋಡಿದಾಗ ತಪ್ಪು ಸಿಗದೆ ಇದ್ದದ್ದು ಅದಕ್ಕೇ. ತಂಪಾದ ಕಲ್ಲಿನ ಕೋಣೆಯಲ್ಲಿ ತಿಳಿಯದೆ ಇದ್ದದ್ದೂ ಅದಕ್ಕೇ. ಛತ್ರಿಯ ನೆರಳು ಅಷ್ಟೋ ಇಷ್ಟೋ ತಡೆದಿತ್ತು, ಇಲ್ಲದಿದ್ದರೆ ಮೊದಲ ದಿನವೇ ಇಷ್ಟು ಕೆಡುತ್ತಿತ್ತು.

ಎರಡು ದಿನ ಬಿಟ್ಟು ಅವನು ಕಲಬುರಗಿಗೆ ಬಂದ. ಚಾಂದಪಾಶಾ ಅಂಗಡಿಯಲ್ಲೇ ಇದ್ದ. ಎಣ್ಣೆಯ ಸೀಸೆ ಹಲಗೆಯ ಮೇಲಿತ್ತು. ಮುಕುಂದ ಹಿತ್ತಾಳೆಯ ವಿಷಯ ಎಲ್ಲ ಹೇಳಿದ, ತಪ್ಪು ತನ್ನ ನಕಾಶೆಯದೇ ಎಂದ. ಚಾಂದಪಾಶಾ ತಲೆ ಆಡಿಸುತ್ತ ಕೇಳಿದ. ಬಿಸಿಲಿಗೆ ಹಂಗಾಗತೈತಿ ಅಂತ ನನಗೂ ಹೊಳೆದಿರಲಿಲ್ಲ, ಕನ್ನಡಕದ ಗಾಜಿಗೆ ಧೂಳು ಕೂಡಬಾರದೆಂದು ಛತ್ರಿ ಹಿಡಿದು ಒರೆಸುತ್ತಿದ್ದೆ ಅಷ್ಟೇ ಎಂದ. ಅವನು 'ಕನ್ನಡಕದ ಗಾಜು' ಎನ್ನುತ್ತಿದ್ದುದು ಉಪಕರಣದ ದುರ್ಬೀನಿನ ಮಸೂರಕ್ಕೆ.

ಆಮೇಲೆ ಅವನೇ ಮಾತು ತೆಗೆದ. "ಅರಗು ಯಾಕ ಹಚ್ಚಿದ್ರಿ ರಾವ್‌ಸಾಬ?"

ಮುಕುಂದ ಎಣ್ಣೆಯ ಸೀಸೆಯ ಕಡೆ ನೋಡಿದ.

"ನಾನ ಕೊರದ ಸ್ಕ್ರೂ ಅವು. ಅದರ ಮ್ಯಾಲ ನನಗ ಪಹರಾ ಇಟ್ರಿ."

"ಪಾಶಾ ಭಾಯಿ, ನೀವು ಆ ಏಜಂಟನ ಕೂಡ ಕೂತಿದ್ರಿ. ನಮ್ಮ ಮನಿಯವರು ನೋಡ್ಯಾರ. ನನಗೊಂದ ಮಾತ ಹೇಳಬೇಕಿತ್ತು."

"ಮುಂಬಯಿಗೆ ಬಾ, ಕೆಲಸ ಕೊಡತೀನಿ ಅಂದಿದ್ದ. ಆಗೂದಿಲ್ಲ ಅಂತ ಹೇಳಿ ಎದ್ದು ಬಂದೆ." ಚಾಂದಪಾಶಾ ಲೇತಿನ ಪಟ್ಟೆಯನ್ನು ಬೆರಳಿಂದ ಒತ್ತಿ ನೋಡಿದ. "ಹೇಳಿದ್ರ ನಿಮಗ ಸಂಶಯ ಬರತೈತಿ ಅಂತ ಹೇಳಲಿಲ್ಲ."

ಮುಕುಂದ ಕ್ಷಮಿಸಬೇಕೆಂದು ಕೇಳಿದ. ಕೇಳುವಾಗಲೇ ಮನಸ್ಸಿನ ಒಂದು ಮೂಲೆ, ಇದು ನಿಜವಿರಬಹುದೇ ಎಂದು ತೂಗುತ್ತಿತ್ತು. ಅದು ತನ್ನ ಮುಖದಲ್ಲಿ ಕಂಡಿತೇನೋ ಎಂದು ಅವನಿಗೆ ಭಯವಾಯಿತು.

ಹೊಸ ಕೊಳವೆಯನ್ನು ಉಕ್ಕಿನಲ್ಲೇ ಮಾಡುವುದೆಂದು ನಿಶ್ಚಯಿಸಿದರು. ಮೇಲಿನ ಉಂಗುರದಡಿಗೆ ತುಸು ಬಾಗಿದ ಸ್ಪ್ರಿಂಗ್ ತಗಡು ಇಟ್ಟು, ಕಾದರೂ ತಣಿದರೂ ಗುಂಡುಗಳ ಮೇಲೆ ಒತ್ತಡ ಬಿಡದಂತೆ ಮುಕುಂದ ನಕಾಶೆ ಬದಲಿಸಿದ. ಮಾಡಿಕೊಡಲು ಚಾಂದಪಾಶಾ ಒಪ್ಪಿದ, ಒಂದು ಕರಾರಿನ ಮೇಲೆ. ಪ್ರತಿಯೊಂದು ಗುಂಡು, ಪ್ರತಿಯೊಂದು ಉಂಗುರವನ್ನು ಮುಕುಂದನೇ ಎದುರಿಗೆ ಕೂತು ಅಳೆಯಬೇಕು. ಅವನ್ನು ಇಡುವ ಪೆಟ್ಟಿಗೆಯ ಕೀಲಿ ಮುಕುಂದನ ಹತ್ತಿರವೇ ಇರಬೇಕು. ಬೇಡವೆಂದು ಮುಕುಂದ ಎಷ್ಟು ಹೇಳಿದರೂ ಕೇಳಲಿಲ್ಲ. ಮುಂಚೆ ಕೆಲಸ ಮಾಡುತ್ತ ಕವ್ವಾಲಿ ಗುನುಗುತ್ತಿದ್ದವನು ಈಗ ಒಂದೊಂದೇ ತುಂಡನ್ನು ಅವನ ಮುಂದೆ ಇಟ್ಟು, ಅವನು ಸರಿ ಎನ್ನುವ ತನಕ ಕೈಕಟ್ಟಿ ನಿಲ್ಲುತ್ತಿದ್ದ.

ಮಳೆಗಾಲಕ್ಕೆ ಮೊದಲು ಮುಕುಂದ ಮತ್ತೆ ಕಮಲಾಪುರಕ್ಕೆ ಹೋದ. ಚಾಂದಪಾಶಾ ಬರಲಿಲ್ಲ. ಸುಡು ಬಿಸಿಲಲ್ಲಿ ಛತ್ರಿಯಿಲ್ಲದೆ ನಿಲ್ಲಿಸಿದರೂ ಗುಳ್ಳೆ ಕದಲಲಿಲ್ಲ. ಅಧಿಕಾರಿ ತನ್ನವರು ಅಳೆದದ್ದರೊಂದಿಗೆ ತಾಳೆ ನೋಡಿ, ಎರಡಕ್ಕೂ ವ್ಯತ್ಯಾಸ ಬಂದಲ್ಲಿ ಮತ್ತೊಮ್ಮೆ ಅಳೆಸಿದಾಗ ತಪ್ಪಿದ್ದು ವಿಲಾಯತಿ ದುರ್ಬೀನೇ ಎಂದು ಒಪ್ಪಿಕೊಂಡ. ಇನ್ನೂ ಕೆಲವು ಉಪಕರಣಗಳಿಗೆ ಹುಕುಂ ಆಯಿತು. ಕಾಲುವೆಯ ಗೆರೆ ಖಂಡೆಪ್ಪನ ತೋಟದ ಅಂಚಿಗೆ ಹಾಯ್ದಿತ್ತು. ಅವನು ಬಾಳೆಯ ಗೊನೆಯೊಂದನ್ನು ಗಾಡಿಯಲ್ಲಿ ಇಟ್ಟು, ಆ ಸಾಹೇಬರು ಛತ್ರಿಯಡಿ ಏನು ಮಾಡುತ್ತಿದ್ದರೆಂದು ಕೊನೆಗೂ ಗೊತ್ತಾಯಿತೇ ಎಂದು ಕೇಳಿದ. ಗಾಜು ಒರೆಸುತ್ತಿದ್ದರು ಎಂದ ಮುಕುಂದ. ಖಂಡೆಪ್ಪ ನಂಬಿದಂತೆ ಕಾಣಲಿಲ್ಲ.

ಸುದ್ದಿ ಹೇಳಲು ಹೋದಾಗ ಚಾಂದಪಾಶಾನಿಗೆ ನಿಜವಾಗಿಯೂ ಸಂತೋಷವಾಯಿತು. ಚಹಾ ತರಿಸಿದ. ಗುಂಡುಗಳು ಹೇಗೆ ಓಡಿದವು, ತಗಡು ದಣಿಯಲಿಲ್ಲವೇ ಎಂದು ಒಂದೊಂದೇ ಕೇಳಿದ. ಆಮೇಲೆ, ಮುಂದಿನ ಉಪಕರಣಗಳಿಗೆ ಉಂಗುರ ಅರೆದು ಕೊಡುತ್ತೇನೆ, ಆದರೆ ಜೋಡಣೆಗೆ ಬೇರೆಯವರನ್ನು ನೋಡಿಕೊಳ್ಳಿರಿ ಎಂದ. ಮುಕುಂದ ಬಹಳ ಒತ್ತಾಯಿಸಿದ.

"ಸಿಟ್ಟಿಲ್ರಿ ನನಗ," ಎಂದ ಚಾಂದಪಾಶಾ. "ನೀವು ನನ್ನ ಕೈ ನೋಡಾಕತ್ತೀರಿ ಅಂತ ಗೊತ್ತಾದ ಮ್ಯಾಲ ನನ್ನ ಕೈ ನಾನೂ ನೋಡಾಕತ್ತೀನಿ. ಹಂಗ ಕೆಲಸ ಆಗೂದಿಲ್ಲ."

ಮುಕುಂದ ಕಲಬುರಗಿಯ ಬ್ರಹ್ಮಪುರದಲ್ಲಿದ್ದ ತನ್ನ ಮನೆಯ ಹಿತ್ತಲಿನ ಕೋಣೆಯಲ್ಲೇ ಜೋಡಣೆ ಶುರು ಮಾಡಿದ. ಮೊದಮೊದಲು ಅವನ ಕೈಯಲ್ಲಿ ಎಷ್ಟೋ ತಗಡು ಮುರಿದವು. ಸ್ಟೇಶನ್ ಬಜಾರದಿಂದ ಉಂಗುರಗಳು ಎಣ್ಣೆಕಾಗದದಲ್ಲಿ ಸುತ್ತಿಕೊಂಡು ಹೇಳಿದ ದಿನವೇ ಬರುತ್ತಿದ್ದವು. ಮುಕುಂದ ಒಂದೊಂದನ್ನೂ ಅಳೆದು ನೋಡುತ್ತಿದ್ದ, ಒಂದರಲ್ಲೂ ದೋಷ ಸಿಗಲಿಲ್ಲ.