ಜಾವಾ ಗಾಡಿಯ ಮಸಿ

ಸೀಮೆಎಣ್ಣೆಯ ವಾಸನೆಗೂ ಒಂದು ರುಚಿಯಿದೆ, ನಾಲಗೆಯ ಹಿಂಬದಿಗೆ ಎಲ್ಲೋ ಅಂಟಿಕೊಂಡು ಕೂತರೆ ಚಹಾದ ಜೊತೆಗೂ ಇಳಿಯುವುದಿಲ್ಲ, ಇವತ್ತು ಹೋಳಿಗೆಯ ಜೊತೆಗೂ ಇಳಿಯಲಿಲ್ಲ, ದಸರೆಯ ಊಟವೆಲ್ಲ ಸೀಮೆಎಣ್ಣೆಯ ಪಾಲಾಯಿತಲ್ಲ ಎಂದುಕೊಳ್ಳುತ್ತಲೇ ಪ್ರೇಮಲಾ ಪ್ಲಗ್ಗಿನ ತೂತಿನೊಳಗೆ ಬಟ್ಟೆ ಸುತ್ತಿದ ಬೆರಳು ತೂರಿಸಿ ನೋಡಿದಳು — ಒಣಗಿದೆ, ಇನ್ನು ಪ್ಲಗ್ ಕೂರಿಸಬಹುದು — ಅತ್ತ ಬಸ್‌ಸ್ಟ್ಯಾಂಡಿನ ಕಡೆ ಧರಣಿಯ ಟೆಂಟಿನಲ್ಲಿ ಮೈಕು ಒಮ್ಮೆ ಕೆಮ್ಮಿ ಜೈ ತೆಲಂಗಾಣ ಎಂದಿತು, ಹಬ್ಬದ ದಿನವೂ ಬಿಡರು, ಬಿಡಲೂಬಾರದು, ಅವಳೂ ಮೊನ್ನೆಯವರೆಗೆ ಅಲ್ಲಿ ಜಮಖಾನೆಯ ಮೇಲೆ ಕೂತು ಗಂಟಲು ಹರಿದುಕೊಂಡು ಬಂದವಳೇ, ಸಕಲ ಜನರ ಮುಷ್ಕರ ಎಂದಮೇಲೆ ಜಹೀರಾಬಾದಿನ ಶಾಲೆಗಳಿಗೂ ಬೀಗ, ಅವಳಂಥ ಟೀಚರುಗಳಿಗೂ ಬೀಗ, ಬೆಳಿಗ್ಗೆ ಘೋಷಣೆ ಕೂಗಿ ಬಂದರೆ ಮಧ್ಯಾಹ್ನ ಕೈ ಸುಮ್ಮನಿರುವುದಿಲ್ಲ, ಸುಮ್ಮನಿರದ ಕೈಗೆ ಸಿಕ್ಕಿದ್ದು ಅಂಗಳದ ಮೂಲೆಯಲ್ಲಿ ತಾಡಪಾಲಿನ ಕೆಳಗೆ ಒಂದು ವರ್ಷ ಮಲಗಿದ್ದ ಅಪ್ಪನ ಜಾವಾ. ಅಪ್ಪ ಬಂಡೆಪ್ಪ ಹರೆಯದಲ್ಲಿ ಬೀದರಿನಿಂದ ಓಡಿಸಿಕೊಂಡು ಬಂದ ಗಾಡಿ, ನಂಬರ್ ಪ್ಲೇಟಿನ ಮೇಲೆ ಇನ್ನೂ ಹಳೇ ಮೈಸೂರು ರಾಜ್ಯದ ಅಕ್ಷರ, ಊರ ಜನವೆಲ್ಲ ಎಪಿ ಅಳಿಸಿ ಟಿಜಿ ಬರೆಸಿಕೊಳ್ಳುತ್ತಿರುವಾಗ ಇದರದೊಂದು ಬೇರೆಯೇ ರಾಗ, ನಿನ್ನೆ ಆಯುಧ ಪೂಜೆಗೆ ಟ್ಯಾಂಕಿಗೆ ವಿಭೂತಿ ಹಚ್ಚುವಾಗ ಗಂಡ ಮಹಾದೇವ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ, ಟಿಜಿ ಅಂತ ಬರದ್ಬಿಡ್ಲೇನು ಪ್ರೇಮಲಾ, ರಸ್ತಾದಾಗ ಯಾರರ ತಡದು ಯಾವ ರಾಜ್ಯದ್ದು ಅಂತ ಕೇಳಿದ್ರ ಏನು ಹೇಳ್ತಿ, ಅವಳು ಹೇಳಿದಳು, ಹುಟ್ಟಿದ್ದು ಅಲ್ಲಿ ಓಡಿದ್ದು ಇಲ್ಲಿ, ಎರಡೂ ಖರೇನೇ ಅದ, ಅಪ್ಪ ಬರಸಿದ್ದು ಹಾಂಗೇ ಇರಲಿ ಬಿಡ್ರಿ. ಇರಲಿ. ಅಕ್ಷರ ನೋಡಿ ಯಾರು ತಡೆಯುತ್ತಾರೆ, ಸದ್ದು ಕೇಳಿ ಜನ ತಾವಾಗಿಯೇ ದಾರಿ ಬಿಡುತ್ತಾರೆ, ಸದ್ದು ಬಂದರೆ ತಾನೆ ಆ ಮಾತು, ಬರಬೇಕು, ಇವತ್ತೇ ಬರಬೇಕು, ಸಂಜೆ ಊರೆಲ್ಲ ಬನ್ನಿ ಕೊಡುವ ಹೊತ್ತಿಗೆ ಅವಳು ಈ ಗಾಡಿಯ ಮೇಲೆ ಮೊಗುಡಂಪಲ್ಲಿಗೆ ಹೋಗಬೇಕು, ತವರಿನ ಓಣಿಯಲ್ಲಿ ಅಣ್ಣ ಸಂಗುವಿನ ಬಾಗಿಲ ಮುಂದೆಯೇ ಹಾಯಬೇಕು, ನಿಲ್ಲಬಾರದು, ತಿರುಗಿಯೂ ನೋಡಬಾರದು, ನೇರ ಹೊಲದ ದಿಬ್ಬಕ್ಕೆ ಹೋಗಿ ಅಪ್ಪನನ್ನು ಮಣ್ಣು ಮಾಡಿದ ಗದ್ದುಗೆಯ ಕೆಂಪು ಮಣ್ಣಿನ ಮೇಲೆ ಬನ್ನಿ ಎಲೆ ಇಟ್ಟು ಅದೇ ಬಾಗಿಲ ಮುಂದೆ ಮತ್ತೊಮ್ಮೆ ನಿಲ್ಲದೆ ವಾಪಸು ಬರಬೇಕು. ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆರಗಿದರೆ ವರ್ಷದ ಜಗಳ ಅಲ್ಲಿಗೆ ಮುಗಿಯಿತೆಂದೇ ಲೆಕ್ಕ, ಅದಕ್ಕೇ ಹೋದ ದಸರೆಗೆ ಕೊಡಲಿಲ್ಲ, ಅದಕ್ಕೇ ಈ ದಸರೆಗೂ ಕೊಡುವುದಿಲ್ಲ. ಅವನ ಆ ಕಪ್ಪು ಕೈಗೆ ಅವಳು ಬನ್ನಿ ಇಡುವುದಿಲ್ಲ.

ಪ್ಲಗ್ ತಿರುಗಿಸುತ್ತ ತಿರುಗಿಸುತ್ತ ಬಿಗಿಯಾಯಿತು, ಇಷ್ಟು ಸಾಕು, ಹೆಚ್ಚು ಬಿಗಿದರೆ ಎಳೆ ಕಿತ್ತುಹೋಗುತ್ತದೆ, ಗಾಡಿ ಅಂದ್ರ ಎಮ್ಮಿ ಇದ್ದಂಗ ಪ್ರೇಮಾ, ಜಬರ್ದಸ್ತಿ ಮಾಡಿದ್ರ ಒದೀತದ — ಅಪ್ಪನ ಮಾತು, ಅವಳಿಗೆ ಆಗ ಲಂಗ ದಾವಣಿಯ ವಯಸ್ಸು, ಊರಾಚೆ ಗಡಿಯ ಕಡೆಗೆ ಹೋಗುವ ರಸ್ತೆ, ಎತ್ತಿನ ಗಾಡಿಯೊಂದು ಬಿಟ್ಟರೆ ನರಪಿಳ್ಳೆಯಿಲ್ಲ, ಅಪ್ಪ ಹಿಂದೆ ಕೂತು ಧೋತರ ಒಟ್ಟಿ ಹಿಡಿದುಕೊಂಡು ಕಲಿಸಿದ್ದು, ಕಿಕ್ಕೂ ಗೇರೂ ಒಂದೇ ಪೆಡಲು ನೋಡು, ಒಳಗ ಒತ್ತಿ ಮ್ಯಾಲೆತ್ತಿದ್ರ ಕಿಕ್ಕು, ಇಳಿಸಿದ್ರ ಗೇರು, ಇದನ್ನ ಮಾಡಿದಾಂವ ಹೆಣ್ಮಗಳಂಥ ಶಾಣ್ಯಾ ಇರಬೇಕು, ಒಂದೇ ಕೈಲಿ ಎರಡು ಕೆಲಸ. ಊರವರು ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆಂದರೆ ಅಪ್ಪ ನಕ್ಕುಬಿಡುತ್ತಿದ್ದ. ಅಣ್ಣ ಮಾತ್ರ ನಗುತ್ತಿರಲಿಲ್ಲ, ಪಾಪ, ಒಮ್ಮೆ ಕೇಳದೆ ಮುಟ್ಟಿ ಗೋಡೆಗೆ ಗುದ್ದಿದವನು, ನಿನ್ನ ಕೈಗಿ ಟ್ರ್ಯಾಕ್ಟರ್ ಸಮ ಸಂಗು, ಇದರ ತಂಟಿಗಿ ಬರಬ್ಯಾಡ ಎಂದು ಅಪ್ಪ ನಾಲ್ಕು ಜನರ ಮುಂದೆ ಅಂದದ್ದೇ ಅಂದದ್ದು, ಅಣ್ಣ ಆಮೇಲೆ ಈ ಗಾಡಿ ನಿಂತ ಕಡೆ ಸುಳಿಯಲಿಲ್ಲ, ಮದುವೆಯಾಗಿ ಅಮೃತಬಾಯಿ ವೈನಿ ಬಂದಮೇಲೂ ಇಲ್ಲ, ಮಕ್ಕಳಾದಮೇಲೂ ಇಲ್ಲ — ಪಾಪ ಎಂದೆನಲ್ಲ, ಯಾಕೆ ಪಾಪ, ಅವನಿಗೇಕೆ ಪಾಪ ಎನ್ನಬೇಕು ಎಂದು ಪ್ರೇಮಲಾ ತನ್ನನ್ನೇ ಗದರಿಕೊಂಡು ಪಾನಾ ಕೆಳಗಿಟ್ಟಳು. ಗಾಡಿ ಕಳಿಸಿದ್ದೂ ಅವನೇ, ಒಂದು ಫೋನಿಲ್ಲ, ಮಾತಿಲ್ಲ, ಟೆಂಪೋ ಸಾಯಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದ, ನನಗ ಬರಲ್ಲ, ಆಕಿಗಿ ಬರ್ತದ ಅಂತ ಹೇಳು, ಅಷ್ಟೇ, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿದ್ದ ಗುರುತು ಸಮೇತ ಇಳಿಸಿ ಹೋಗಿದ್ದ ಸಾಯಪ್ಪ, ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು, ಮನೆಯ ಗುಜರಿ ತಂದು ನನ್ನ ಅಂಗಳದಲ್ಲಿ ಸುರಿದನಲ್ಲ ಎಂದು. ಆ ಉರಿ ಈ ಮುಷ್ಕರದಲ್ಲಿ ಗಾಡಿ ಬಿಚ್ಚಿದಾಗ ದುಪ್ಪಟ್ಟಾಯಿತು. ಪಿಸ್ಟನ್ನು ಕಚ್ಚಿಕೊಂಡು ಕಲ್ಲಾಗಿತ್ತು, ಎಣ್ಣೆ ಸುರಿದು ನೆನೆಸಿಟ್ಟು, ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಗಂಡ ಹೆಂಡತಿ ಇಬ್ಬರೂ ಅತ್ತ ಇತ್ತ ತೂಗಿ ತೂಗಿ, ಅಂತೂ ಒಂದು ದಿನ ಅದು ನಿಟ್ಟುಸಿರು ಬಿಟ್ಟು ಸಡಿಲಾಯಿತು, ಕಳಚಿ ಕೈಗೆ ತೆಗೆದುಕೊಂಡರೆ ಮೈತುಂಬ ಉದ್ದುದ್ದ ಗೀರು, ನೋಡಿದ ಕೂಡಲೇ ತಿಳಿಯಿತು ಅವಳಿಗೆ — ಒಣ ಪೆಟ್ರೋಲು. ಈ ಇಂಜಿನ್ನಿಗೆ ಎಣ್ಣೆ ಇಡುವ ಬೇರೆ ಜಾಗವಿಲ್ಲ, ಪೆಟ್ರೋಲಿನಲ್ಲೇ ಕಲಸಿ ಕುಡಿಸಬೇಕು, ಅಪ್ಪ ಚಹಾದ ಗ್ಲಾಸಿನಲ್ಲಿ ಅಳೆದು ಹಾಕುತ್ತಿದ್ದ, ಸಾಯುವ ಹಿಂದಿನ ವಾರ ಸಂತೆಗೆ ಹೋಗುವಾಗಲೂ ಹಾಕಿದ್ದನಂತೆ, ಅಂಥವನ ಗಾಡಿಗೆ ಅವನು ಹೋದಮೇಲೆ ಯಾವ ಪುಣ್ಯಾತ್ಮ ಎಣ್ಣೆಯಿಲ್ಲದೆ ಪೆಟ್ರೋಲು ಸುರಿದು ಓಡಿಸಿ ಜೀವ ತೆಗೆದ, ಊರಿನ ಯಾವನೋ ಪೋಲಿಯ ಕೈಗೆ ಕೊಟ್ಟಿರುತ್ತಾನೆ ಅಣ್ಣ, ಅಪ್ಪನ ಮೇಲೂ ಮಮತೆಯಿಲ್ಲ, ಅಪ್ಪನ ಗಾಡಿಯ ಮೇಲೂ ಇಲ್ಲ. ಮಮತೆ ಇದ್ದಿದ್ದರೆ ಅವತ್ತು ಕಾಯುತ್ತಿದ್ದ.

ಅವತ್ತು ಅವಳು ತಾಂಡೂರಿನಲ್ಲಿದ್ದಳು, ಆಗ ಕೆಲಸ ಅಲ್ಲಿ, ಮಹಾದೇವ ಇಲ್ಲಿ, ಡಿಸೆಂಬರಿನ ಚಳಿ, ಬೆಳಗಿನ ಜಾವ ಅಣ್ಣನ ಫೋನು, ಅಪ್ಪ ಹೋದ ತಂಗಿ, ಬಾ, ಅಷ್ಟು ಹೇಳಿ ಅಳು ತಡೆಯಲಾರದೆ ಇಟ್ಟುಬಿಟ್ಟ, ಆಮೇಲೆ ಯಾರ ಫೋನೂ ಹತ್ತಲಿಲ್ಲ. ಬಂದ್ ಎಂದರೆ ಆ ವರ್ಷದ ಬಂದ್, ರಸ್ತೆಯ ಮೇಲೆ ಟೈರು ಉರಿಯುತ್ತಿದ್ದವು, ಒಂದು ಬಸ್ಸಿಲ್ಲ, ಜೀಪಿಲ್ಲ, ಕೈಚೀಲ ಹಿಡಿದು ನಡೆದಳು, ಹಾಲಿನ ವ್ಯಾನಿನವನ ಕಾಲು ಹಿಡಿದು ಸ್ವಲ್ಪ ದೂರ, ಯಾರದೋ ಆಟೋದಲ್ಲಿ ಸ್ವಲ್ಪ ದೂರ, ತಡೆದ ಹುಡುಗರಿಗೆ ನಮ್ಮ ಅಪ್ಪ ಸತ್ತಾನ್ರೋ ಎಂದರೆ ಪಾಪ, ಅವರೇ ಕಲ್ಲು ಸರಿಸಿ ಬಿಟ್ಟರು, ದಾರಿಯುದ್ದಕ್ಕೂ ಒಂದೇ ಜಪ, ಮುಖ ನೋಡಬೇಕು, ಕೂರಿಸಿ ಮಣ್ಣು ಕೊಡುವಾಗ ಒಂದು ಹಿಡಿ ನನ್ನದೂ ಬೀಳಬೇಕು, ನನ್ನ ಕೈ ಹಿಡಿದು ಗಾಡಿ ಕಲಿಸಿದವನಿಗೆ ನನ್ನ ಕೈಯ ಹಿಡಿ ಮಣ್ಣು. ಊರಬಾಗಿಲ ಅಗಸಿ ದಾಟುವಾಗ ಮನೆಮನೆಯಲ್ಲಿ ದೀಪ ಹಚ್ಚಿದ್ದರು, ಮಣ್ಣಿಗೆ ಹೋದವರು ಜಳಕ ಮಾಡಿ ಕಟ್ಟೆಯ ಮೇಲೆ ಕೂತಿದ್ದರು, ಅದನ್ನು ನೋಡಿದ ಕೂಡಲೇ ತಿಳಿಯಿತು, ಎಲ್ಲ ಮುಗಿದಿದೆ. ಹೊತ್ತು ಮುಳುಗಾಕ ಬಂದಿತ್ತವ್ವಾ, ಇನ್ನ ಇಡಬಾರದು ಅಂತ ನಾನೇ ಅಂದೆ, ಕ್ರಿಯೆ ಮಾಡಿಸಿದ ಅಯ್ಯನವರು ಹೇಳುತ್ತಿದ್ದರು, ಅವಳಿಗೆ ಕೇಳಲಿಲ್ಲ, ಬಾಗಿಲಲ್ಲಿ ಅಣ್ಣ ನಿಂತಿದ್ದ, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹಣೆಯ ಮೇಲೆ ಹೊಸ ವಿಭೂತಿ, ಅವಳನ್ನು ಕಂಡು ಎರಡೂ ಕೈ ಮುಂದೆ ಚಾಚಿದ, ಬಾ ಎಂಬಂತೆ, ಆ ಕೈ ಮುಂಗೈವರೆಗೂ ಕಪ್ಪು. ಅಪ್ಪನನ್ನು ಮುಚ್ಚಿದ ಮಣ್ಣು ಇನ್ನೂ ಅಂಟಿಕೊಂಡಿದೆ ಎನಿಸಿತು ಅವಳಿಗೆ, ಹೊಟ್ಟೆಯೊಳಗಿಂದ ಬಂದ ಮಾತು, ನನ್ನ ಮುಟ್ಟಬ್ಯಾಡ, ಒಂದು ತಾಸು ತಡೀಲಿಕ್ಕ ಆಗಲಿಲ್ಲೇನು ನಿನಗ, ಮಣ್ಣು ಹಾಕಾಕ ಅಷ್ಟು ಅವಸರ ಇತ್ತೇನು. ಅಣ್ಣ ಎರಡೂ ಕೈ ನಿಧಾನ ಬೆನ್ನ ಹಿಂದೆ ಒಯ್ದು ಬಚ್ಚಿಟ್ಟುಕೊಂಡ, ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ. ವೈನಿ ಓಡಿಬಂದು, ನಿಮ್ಮ ಅಣ್ಣ ಮುಂಜಾನಿಂದ ಮನ್ಯಾಗ ಇದ್ದಿಲ್ಲ ಪ್ರೇಮಲಾ, ಇಷ್ಟೊತ್ತು ತಡದಿದ್ದೇ — ಎಂದಾಗ ಅವಳು ಕಡಿದು ಹಾಕಿದಳು, ಬ್ಯಾಡ ವೈನಿ, ಆತನ ವಕಾಲತ್ತು ನೀ ಮಾಡಬ್ಯಾಡ.

ಕೈ ತೊಳಕೋ ಬಾ, ಹೊತ್ತಾತು, ಹೊಸ ಸೀರಿ ಉಡೋದದ ಇನ್ನ, ಮಹಾದೇವ ಚೊಂಬು ಹಿಡಿದು ಕರೆಯುತ್ತಿದ್ದ, ಅವಳು ಬಚ್ಚಲ ಕಲ್ಲಿನ ಮುಂದೆ ಕುಕ್ಕರಿಸಿದಳು, ಅವನು ನೀರು ಹಾಕಿದ, ಅವಳು ಬೂದಿ ಹಚ್ಚಿ ಉಜ್ಜಿದಳು, ಸಾಬೂನು ಹಚ್ಚಿದಳು, ನೀರು ಕಪ್ಪಗೆ ಹರಿಯಿತು, ಕೈ ಕಪ್ಪಗೇ ಉಳಿಯಿತು, ಮತ್ತೆ ಬೂದಿ, ಮತ್ತೆ ಸಾಬೂನು, ಗೆರೆಗೆರೆಯಲ್ಲೂ ಇಂಜಿನ್ನು, ಮೊನ್ನೆ ಬತುಕಮ್ಮ ಆಡುವಾಗ ಓಣಿಯ ಹೆಂಗಸರು ಟೀಚರಮ್ಮ ಗೋರಂಟಿ ಬಿಟ್ಟು ಡಾಂಬರು ಹಚ್ಚಿಕೊಂಡಿದ್ದಾಳೆ ಎಂದು ನಕ್ಕಿದ್ದರು, ನಗಲಿ, ಎಷ್ಟು ತಿಕ್ತೀ, ಚರ್ಮ ಕಿತ್ತು ಬರ್ತದ ಎಂದ ಮಹಾದೇವ, ಮಣ್ಣಿದ್ರ ಒಂದು ಚೊಂಬಿಗೇ ಹೋಗ್ತಿತ್ತು, ಇದು ಮಸಿ, ನಾಕು ದಿನ ಹೋಗಂಗಿಲ್ಲ. ಹೌದು ಎನ್ನುತ್ತ ಅವಳು ಇನ್ನೊಮ್ಮೆ ಸಾಬೂನಿಗೆ ಕೈಹಾಕಿದಳು, ಮಣ್ಣಿದ್ದರೆ ಹೋಗುತ್ತಿತ್ತು, ಒಂದು ಚೊಂಬಿಗೆ ಹೋಗುತ್ತಿತ್ತು, ತಲೆಯಿಂದ ನೀರು ತೊಟ್ಟಿಕ್ಕುವಷ್ಟು ಜಳಕ ಮಾಡಿದಮೇಲಂತೂ — ಸಾಬೂನು ಜಾರಿ ಬಚ್ಚಲಿಗೆ ಬಿತ್ತು. ದಿಬ್ಬದ ಮಣ್ಣು ಕೆಂಪು. ಅಪ್ಪನ ಗದ್ದುಗೆಯ ಮಣ್ಣು ಕೆಂಪು, ಆ ಹೊಲವೆಲ್ಲ ಕೆಂಪು, ಚಿಕ್ಕವಳಿದ್ದಾಗ ಅಲ್ಲಿ ಆಡಿ ಬಂದರೆ ಅವ್ವ ಬಯ್ಯುತ್ತಿದ್ದಳು ಲಂಗವೆಲ್ಲ ಕುಂಕುಮ ಮಾಡಿಕೊಂಡು ಬಂದಿ ಅಂತ. ಮತ್ತೆ ಆ ಕೈ ಕಪ್ಪು. ಜಳಕವಾದ ಮೇಲೂ ಕಪ್ಪು, ಈ ಕೈಯ ಹಾಗೆ, ಇದೇ ಗೆರೆ, ಇದೇ ಉಗುರು. ಟ್ರ್ಯಾಕ್ಟರನ್ನು ಆ ಬಂದಿನಲ್ಲಿ ಯಾರೂ ಬಿಡುತ್ತಿರಲಿಲ್ಲ, ಎರಡು ಗಾಲಿಯದಾದರೆ ಹೊಲದ ಕಾಲುದಾರಿ ಹಿಡಿದು ಹಾಯಬಹುದಿತ್ತು, ಟ್ಯಾಂಕು ಖಾಲಿ ಇದ್ದಿರಬೇಕು, ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲು ಸುರಿದಿರಬೇಕು, ಎಣ್ಣೆ ಕಲಸಬೇಕೆಂದು ಅವನಿಗೆ ಯಾರು ಹೇಳಿದ್ದರು, ಯಾರೂ ಹೇಳಿರಲಿಲ್ಲ, ಇದರ ತಂಟಿಗಿ ಬರಬ್ಯಾಡ ಎಂದಷ್ಟೇ ಹೇಳಿದ್ದು. ಮುಂಜಾನಿಂದ ಮನ್ಯಾಗ ಇದ್ದಿಲ್ಲ, ವೈನಿ ಹೇಳಲು ಬಂದಳು, ಯಾರು ಬಿಟ್ಟರು ಹೇಳಲು. ತಾಂಡೂರಿನ ದಾರಿ ಹಿಡಿದಿದ್ದ ಅಣ್ಣ, ಅಪ್ಪನ ಹೆಣ ಮನೆಯಲ್ಲಿ ಕೂರಿಸಿ, ಬಾರದ ಗಾಡಿಯ ಮೇಲೆ, ತಂಗಿಯನ್ನು ಕರೆತರಲು. ಎಲ್ಲಿ ಕಚ್ಚಿತೋ ಪಿಸ್ಟನ್ನು, ಎಷ್ಟು ಹೊತ್ತು ಬಿಚ್ಚಿದ್ದನೋ, ಒದ್ದಿದ್ದನೋ, ಕಾಲು ಬಿದ್ದಿದ್ದನೋ ಅದಕ್ಕೆ, ಆಮೇಲೆ ಆ ಕಬ್ಬಿಣವನ್ನು ನೂಕಿಕೊಂಡು ಅಷ್ಟೂ ದಾರಿ ಒಬ್ಬನೇ, ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು, ಅಯ್ಯನವರು ಇನ್ನು ಇಡಬಾರದು ಅಂದರು.

ಏನಾತು ಪ್ರೇಮಲಾ, ಯಾಕ ಅಳಾಕತ್ತಿ, ಮಹಾದೇವ ಚೊಂಬು ಬಿಟ್ಟು ಪಕ್ಕದಲ್ಲಿ ಕೂತಿದ್ದ, ಅಣ್ಣ ಬಂದಿದ್ದನ್ರೀ ಎಂದಳು ಅವಳು, ಕರೀಲಾಕ ಬಂದಿದ್ದ, ಮಹಾದೇವನಿಗೆ ಅರ್ಥವಾಗಲಿಲ್ಲ, ಆಮೇಲೆ ಹೇಳುವೆ, ಮೊದಲು ಪೆಟ್ರೋಲು, ಕ್ಯಾನು ತಂದಳು, ಅಡುಗೆಮನೆಯಿಂದ ಚಹಾದ ಗ್ಲಾಸು ತಂದಳು, ಎಣ್ಣೆ ಅಂಚಿನವರೆಗೆ, ಅಪ್ಪನ ಹಾಗೆ ಬೆರಳಿಂದ ಕೊನೆಯ ಹನಿಯನ್ನೂ ಬಳಿದು ಹಾಕಿ ಅಲ್ಲಾಡಿಸಿದಳು, ಇಷ್ಟೇ ಅಣ್ಣ, ಇಷ್ಟು ಯಾರಾದರೂ ನಿನಗೆ ಹೇಳಿದ್ದರೆ ಅವತ್ತು ನೀನು ತಾಂಡೂರು ಮುಟ್ಟುತ್ತಿದ್ದೆ, ನಾನು ನಿನ್ನ ಹಿಂದೆ ಕೂತು ಬರುತ್ತಿದ್ದೆ, ಅಲ್ಲ, ನಾನೇ ಓಡಿಸುತ್ತಿದ್ದೆ, ನೀನು ಹಿಂದೆ ಕೂರುತ್ತಿದ್ದೆ, ಇಬ್ಬರೂ ಒಂದೊಂದು ಹಿಡಿ ಹಾಕುತ್ತಿದ್ದೆವು. ಟ್ಯಾಂಕಿಗೆ ಸುರಿದು ಪೆಟ್ರೋಲಿನ ನಳ ತೆರೆದಳು, ಪೆಡಲು ಒಳಗೆ ಒತ್ತಿ ಮೇಲೆತ್ತಿದಳು, ಒದ್ದಳು, ಏನಿಲ್ಲ, ಒದ್ದಳು, ಕೆಮ್ಮು, ಮೈಕಿನ ಹಾಗೆ, ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಮತ್ತೊಮ್ಮೆ, ಜಬರ್ದಸ್ತಿ ಮಾಡಬ್ಯಾಡ ಎಂದ ಅಪ್ಪ, ಇಲ್ಲಪ್ಪಾ, ಮಾಡುವುದಿಲ್ಲ, ಇದೊಂದು ಸಲ ನಿನ್ನ ಮಗನ ಸಲುವಾಗಿ — ಹೊತ್ತಿಕೊಂಡಿತು. ನೀಲಿ ಹೊಗೆ ಅಂಗಳ ತುಂಬಿ ತುಳಸಿಯ ಮೇಲೆ ಹಾಯ್ದು ಗೋಡೆ ಹತ್ತಿತು, ಆ ಸದ್ದು, ಅಗಲವಾದ, ಅವಸರವಿಲ್ಲದ, ಓಣಿಯ ನಾಯಿಗಳಿಗೆಲ್ಲ ಹೆದರಿಕೆ ಹುಟ್ಟಿಸುವ ಅದೇ ಸದ್ದು, ಮಹಾದೇವ ಏನೋ ಕೂಗುತ್ತಿದ್ದಾನೆ, ಕೈ, ನಿನ್ನ ಕೈ ಇನ್ನ ಕರ್ರಗ ಅವ, ತೊಳಕೊಂಡು ಹೋಗು, ತೊಳೆಯುವುದಿಲ್ಲ, ಹೀಗೇ ಹೋಗುವುದು, ಸೀರೆ ಬದಲಿಸುವುದೂ ಬೇಡ, ಬನ್ನಿ ಕೊಡ್ರಿ ಇಲ್ಲಿ, ಹಿಂದ ಹತ್ರಿ, ಮೊದಲು ಗದ್ದುಗೆಗಲ್ಲ, ಮೊದಲು ಅಣ್ಣನ ಮನೆಗೆ. ಅಗಸಿ ದಾಟುವಾಗಲೇ ಕೇಳುತ್ತದೆ ಅವನಿಗೆ, ಅಪ್ಪನ ಗಾಡಿಯ ಸದ್ದು ಆ ಊರಲ್ಲಿ ಯಾರಿಗೆ ಗೊತ್ತಿಲ್ಲ, ಉಣ್ಣುತ್ತಿದ್ದರೆ ಕೈ ಬಿಟ್ಟು ಏಳುತ್ತಾನೆ, ಬಾಗಿಲಿಗೆ ಬರುತ್ತಾನೆ, ಅವಳನ್ನು ನೋಡುತ್ತಾನೆ, ಬಯ್ಯುತ್ತಾಳೋ ಏನೋ ಎಂದು ಎರಡೂ ಕೈ ಬೆನ್ನ ಹಿಂದೆ ಒಯ್ಯುತ್ತಾನೆ, ಒಯ್ದೇ ಒಯ್ಯುತ್ತಾನೆ, ಆಗ ಅವಳು ಗಾಡಿ ನಿಲ್ಲಿಸಿ ಇಳಿದು ಮುಂದೆ ಹೋಗಿ ತನ್ನ ಕೈ ಚಾಚುತ್ತಾಳೆ, ತೆಗಿ ಅಣ್ಣ, ಹಿಂದ ಇಟ್ಕೋಬ್ಯಾಡ, ಹೊರಗ ತೆಗಿ, ನೋಡು ನನ್ನ ಕೈನೂ ಅವತ್ತಿನ ನಿನ್ನ ಕೈ ಹಾಂಗೇ ಅವ — ಹಸಿರು ಬನ್ನಿ, ಅದರ ಕೆಳಗೆ ಎರಡು ಕಪ್ಪು ಕೈ, ಬಾಗಿಲಲ್ಲಿ, ಬೆನ್ನ ಹಿಂದಿನಿಂದ ನಿಧಾನ ಮುಂದೆ ಬರುವ ಎರಡು ಕೈ, ಆ ಕೈ, ಅಣ್ಣನ ಆ ಕಪ್ಪು ಕೈ.