ಗೋರಂಟಿ ಬೊಟ್ಟಿನ ಇಲಿಗಳು

ತಾಯಿ ಇಲಿಗಳ ಬೆನ್ನಿಗೆ ಅಖ್ತರ್‌ಬೀ ಗೋರಂಟಿ ಹಚ್ಚುತ್ತಿದ್ದಳು. ತೋರುಬೆರಳಿನಿಂದ ಒಂದು ಬೊಟ್ಟು, ಅಷ್ಟೆ. ಬೊಟ್ಟಿದ್ದವು ಮರಿ ಹಾಕುವುದಕ್ಕೆ, ಇಲ್ಲದವು ಶಿಕ್ರಾದ ಹೊಟ್ಟೆಗೆ. ಗಡಿಬಿಡಿಯಲ್ಲಿ ತಾಯಿಯನ್ನೇ ಎತ್ತಿ ಹಕ್ಕಿಗೆ ಕೊಟ್ಟರೆ ಮುಂದಿನ ತಿಂಗಳು ಹಕ್ಕಿಗೆ ಉಪವಾಸ. ಆ ತಪ್ಪನ್ನು ಅವಳು ಒಮ್ಮೆ ಮಾಡಿದ್ದಳು.

ಶಿಕ್ರಾ ಅವಳ ಗಂಡ ಅಮೀರ್‌ಜಾನ್ ಸಾಕಿದ್ದು. ಪಾರಿವಾಳದಷ್ಟೇ ಗಾತ್ರದ ಬೇಟೆಹಕ್ಕಿ, ಕೆಂಡದಂಥ ಕಣ್ಣು. ಜಗಳೂರಿನ ಸುತ್ತಲ ಹೊಲಗಳಲ್ಲಿ ಅವನು ಅದನ್ನು ಮುಷ್ಟಿಯ ಮೇಲೆ ಕೂರಿಸಿಕೊಂಡು ಲಾವುಗೆ ಹಕ್ಕಿ ಹಿಡಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಎಲ್ಲರೂ ಬಿಟ್ಟುಬಿಡು ಎಂದರು. ಸೊಕ್ಕೆ ಊರಿನ ದಾರಿಯಲ್ಲಿ ಒಂದು ಬೇವಿನ ಮರದವರೆಗೆ ಒಯ್ದು ಬಿಟ್ಟಳು. ಅವಳು ಮನೆ ಮುಟ್ಟುವಷ್ಟರಲ್ಲಿ ಅದು ಮಾಳಿಗೆಯ ಅಂಚಿನಲ್ಲಿ ಕೂತು ಅವಳ ದಾರಿ ನೋಡುತ್ತಿತ್ತು. ರೆಕ್ಕೆ ಬಲಿಯುವ ಮೊದಲೇ ಗೂಡಿನಿಂದ ಎತ್ತಿ ತಂದದ್ದು. ಅದಕ್ಕೆ ಗೊತ್ತಿದ್ದುದು ಈ ಮನೆಯೊಂದೇ. ಸರಿ, ಇರು ಎಂದಳು.

ಹೆಂಗಸು ಹಕ್ಕಿ ಹಿಡಿದು ಹೊಲ ಸುತ್ತುವುದನ್ನು ಊರು ಒಪ್ಪುವುದಿಲ್ಲ. ಹಕ್ಕಿಯ ಹೊಟ್ಟೆ ಊರನ್ನು ಕೇಳುವುದಿಲ್ಲ. ಅಂಗಡಿಯ ಮಾಂಸ ಹಾಕಿ ನೋಡಿದಳು; ಎಂಟೇ ದಿನಕ್ಕೆ ರೆಕ್ಕೆ ಜೋಲುಬಿಟ್ಟು ಕೂತಿತು. ಬರೀ ಮಾಂಸ ಅದಕ್ಕೆ ಆಗದು. ಕೂದಲು ಮೂಳೆ ಸಮೇತ ನುಂಗಬೇಕು, ಮರುದಿನ ಬೆಳಿಗ್ಗೆ ಅದನ್ನು ಉಂಡೆ ಮಾಡಿ ಉಗುಳಬೇಕು, ಆಗಲೇ ಹೊಟ್ಟೆ ಚೊಕ್ಕಟ. ಗಂಡ ಹೇಳುತ್ತಿದ್ದ ಮಾತು ನೆನಪಾಯಿತು. ಇಲಿ ಸಾಕಿದಳು.

ಹಿತ್ತಿಲ ಕೋಣೆಯಲ್ಲಿ ನಾಲ್ಕು ಹಳೆಯ ಮಣ್ಣಿನ ಗುಡಾಣ. ತಳಕ್ಕೆ ರಾಗಿಹುಲ್ಲು, ಒಂದು ಹಿಡಿ ಜೋಳ, ಸೌತೆಕಾಯಿ ಹೋಳು. ಬಾಯಿಗೆ ತೂತು ಹೊಡೆದ ತಗಡು, ತಗಡಿನ ಮೇಲೆ ಕಲ್ಲು. ನಾತ ಹೊರಗೆ ಹೋಗದಂತೆ ಬೂದಿ. ಒಂದೊಂದಕ್ಕೂ ಒಂದು ಗಂಡು, ಮೂರು ಹೆಣ್ಣು. ದಿನಕ್ಕೆರಡು ಇಲಿ ಹಕ್ಕಿಗೆ ಸಾಕಾಗುತ್ತಿತ್ತು. ಎರಡು ವರ್ಷ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಗಂಡನಿಲ್ಲದವಳ ಒಂದೇ ಬೆರಳಿಗೆ ಗೋರಂಟಿ ಯಾಕೆ ಎಂದು ಬೀದಿ ತನಗೆ ತೋಚಿದ್ದನ್ನು ಆಡಿಕೊಂಡಿತು; ಅವಳು ಆಡಿಕೊಳ್ಳಲು ಬಿಟ್ಟಳು. ಅದು ೧೯೩೮ರ ಚಳಿಗಾಲ. ದಾವಣಗೆರೆಯ ಬಸ್ಸಿನಲ್ಲಿ ಬಂದವರು ಪ್ಲೇಗಿನ ಸುದ್ದಿ ತಂದಿದ್ದರು. ಎಲ್ಲಾದರೂ ಒಂದು ಇಲಿ ಸತ್ತು ಬಿದ್ದರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡು ಹೊಲದ ಗುಡಿಸಲಿಗೆ ಹೋಗುವ ಕಾಲ. ಇಲಿ ಸಾಕುವವಳನ್ನು ಯಾರು ಬಿಟ್ಟಾರು?

ಆ ಬೆಳಿಗ್ಗೆ ಬೊಟ್ಟಿನ ತಾಯಿಯೊಂದು ಮರಿ ಹಾಕಲಾರದೆ ಸತ್ತಿತ್ತು. ಹೊಟ್ಟೆ ಉಬ್ಬಿಕೊಂಡೇ ಇತ್ತು. ತಾನಾಗಿ ಸತ್ತದ್ದನ್ನು ಬೇಟೆಹಕ್ಕಿಗೆ ಹಾಕಬಾರದು. ಅದನ್ನು ತಿಪ್ಪೆಗೆ ಎಸೆದಳು. ಹೂಳಬೇಕಿತ್ತು. ಕಾಗೆಯೊಂದು ಅದನ್ನು ಕಚ್ಚಿಕೊಂಡು ಹಾರಿ, ಎದುರುಮನೆಯ ಶೇಂಗಾ ವ್ಯಾಪಾರಿ ಮಲ್ಲಿಕಾರ್ಜುನಪ್ಪನ ಕಟ್ಟೆಯ ಮೇಲೆ ಬೀಳಿಸಿತು.

"ಇಲಿ ಬಿತ್ರೋ!" ಎಂದು ಅವನ ಹೆಂಡತಿ ಶಿವಗಂಗಮ್ಮ ಕೂಗಿದ್ದೇ ತಡ, ಬೀದಿಯಲ್ಲಿ ಪಾತ್ರೆ ಕಟ್ಟುವ ಸದ್ದು ಎದ್ದಿತು. ಇಲಿಬಿಲಗಳಿಗೆ ವಿಷದ ಹೊಗೆ ಊದುವ ಕೆಲಸದ ಜಯಪ್ಪ ಪಂಪು ಹೊತ್ತು ಬಂದ. ಕಡ್ಡಿಯಿಂದ ಇಲಿಯನ್ನು ಮಗುಚಿ ನೋಡಿದ.

"ಇದ್ಯಾವ್ದೋ ಹೊಸಾ ಪ್ಲೇಗು ಕಣ್ರೀ. ಬೆನ್ನ ಮ್ಯಾಲೆ ಕೆಂಪಗೆ ಎದ್ದೈತೆ. ಹೊಟ್ಟೇಲಿ ಗೆಡ್ಡೆ ಬ್ಯಾರೆ."

ಮಲ್ಲಿಕಾರ್ಜುನಪ್ಪ ಗಾಡಿ ಹೂಡಿಸಿದ. ಒಳಗೆ ಅವನ ಸೊಸೆ ಪ್ರೇಮಮ್ಮ ಮೂರು ದಿನದ ಬಾಣಂತಿ.

"ಈ ಗಾಳೀಲಿ ಹಸೇ ಬಾಣಂತೀನ ಹೆಂಗ್ರೀ ಒಯ್ಯಾದು?" ಶಿವಗಂಗಮ್ಮ ಗಾಡಿಯ ಮೂಕಿ ಹಿಡಿದು ನಿಂತಿದ್ದಳು. "ಮೊದ್ಲಿನ ಕೂಸು ಗುಡಿಸ್ಲ ಚಳೀಲೇ ಹೋತು. ಇದೂ ಹೋಗ್ಬೇಕಾ?"

"ಇಲ್ಲಿದ್ರೆ ಎಲ್ರೂ ಹೋಗ್ತೀವಿ. ಸರಿ ಅತ್ಲಾಗೆ."

ಅಖ್ತರ್‌ಬೀ ತನ್ನ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಬಾಯಿ ಬಿಟ್ಟರೆ ಇಲಿ ಹೋದವು. ಇಲಿ ಹೋದರೆ ಹಕ್ಕಿಯೂ ಹೋಯಿತು. ಬಿಡದಿದ್ದರೆ ಗಾಡಿ ಹೊರಡುತ್ತದೆ. ಪ್ರೇಮಮ್ಮನನ್ನು ಇಬ್ಬರು ಹಿಡಿದು ಹೊಸಿಲು ದಾಟಿಸುತ್ತಿದ್ದರು. ಕಂಬಳಿಯೊಳಗಿನ ಕೂಸು ಬೆಕ್ಕಿನ ಮರಿಯಂತೆ ಅತ್ತಿತು.

"ಗಾಡಿ ಬಿಚ್ರಿ," ಎಂದಳು ಅಖ್ತರ್‌ಬೀ. "ಆ ಇಲಿ ನಂದು."

ಜಯಪ್ಪ ನಕ್ಕ. "ಇಲಿಗೂ ವಾರಸುದಾರ್ರು ಇರ್ತಾರೇನು ಬೂಬಮ್ಮ?"

"ಇರ್ತಾರೆ. ನಾನೇ." ತೋರುಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು. "ಪ್ಲೇಗಲ್ಲ ಕಣಪ್ಪ, ಗೋರಂಟಿ. ಬಣ್ಣ ಹೋಲ್ಸಿ ನೋಡು. ಹೊಟ್ಟೇಲಿರಾದು ಗೆಡ್ಡೆ ಅಲ್ಲ, ಮರಿ. ನಂಬಿಕೆ ಇಲ್ದಿದ್ರೆ ಒಳಗೆ ಬರ್ರಿ."

ಬಂದರು. ಅವಳು ಒಂದೊಂದೇ ತಗಡು ಎತ್ತಿದಳು. ಹುಲ್ಲಿನಲ್ಲಿ ಇಲಿಗಳು ಚಿಮ್ಮಿ ಓಡಾಡಿದವು. ಒಂದು ಮೂಲೆಯಲ್ಲಿ ಬೊಟ್ಟಿನವಳೊಬ್ಬಳು ಕೆಂಪು ಮರಿಗಳನ್ನು ಹೊಟ್ಟೆಯಡಿ ಎಳೆದುಕೊಂಡಳು. ಅಡ್ಡಕೋಲಿನ ಮೇಲಿಂದ ಶಿಕ್ರಾ ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿತು.

"ಪ್ಲೇಗು ಬಂದಿದ್ರೆ ಮೊದ್ಲು ಇವು ಸಾಯ್ಬೇಕಿತ್ತು. ಒಂದಾದ್ರೂ ಮಂಕಾಗೈತಾ?"

ಜಯಪ್ಪ ಬಗ್ಗಿ ನೋಡಿದ. "ದಿಟ ಸಾವ್ಕಾರ್ರೇ. ಪ್ಲೇಗಿನ ಮನೇಲಿ ಇಲಿ ಹಿಂಗೆ ಕುಣಿಯಾಕಿಲ್ಲ."

ಶಿವಗಂಗಮ್ಮ ಹೊರಗೆ ಹೋದಳು. ಎತ್ತಿನ ನೊಗ ಕಳಚಿದ ಸದ್ದು, ಎದುರುಮನೆಯ ಬಾಗಿಲು ಒಳಗಿನಿಂದ ಹಾಕಿಕೊಂಡ ಸದ್ದು ಕೇಳಿಸಿತು.

ಮಲ್ಲಿಕಾರ್ಜುನಪ್ಪನ ಭಯ ಇಳಿದ ಜಾಗಕ್ಕೆ ಸಿಟ್ಟು ಏರಿತು. "ಊರೆಲ್ಲ ಇಲಿ ಕೊಲ್ಲಾಕೆ ಒದ್ದಾಡ್ತೈತೆ, ನೀನು ಬಾಣಂತನ ಮಾಡ್ಕಂಡು ಕುಂತೀಯಾ? ಊದೋ ಜಯಪ್ಪ!"

"ಪಂಪು ಬಿಲಕ್ಕೆ ಕೊಟ್ಟಿರಾದು ಸಾವ್ಕಾರ್ರೇ. ಗುಡಾಣಕ್ಕಲ್ಲ."

"ಬೇಡ್ರಿ ಅಣ್ಣಾರೇ," ಎಂದಳು ಅಖ್ತರ್‌ಬೀ. "ಮುಚ್ಚಿಟ್ಟಿದ್ರೆ ಒಳಗಿರ್ತಾವೆ."

ಅವನು ಅಲ್ಲೇ ಇದ್ದ ಒನಕೆ ಎತ್ತಿ ನಾಲ್ಕನ್ನೂ ಒಡೆದ. ಇಲಿಗಳು ಒಂದು ಗಳಿಗೆ ಬೆಳಕಿಗೆ ಬೆದರಿ ನಿಂತವು. ಆಮೇಲೆ ನಡುಮನೆ ದಾಟಿ, ಬೀದಿ ದಾಟಿ, ನೆಟ್ಟಗೆ ಅವನ ಶೇಂಗಾ ಮಳಿಗೆಯ ಬಾಗಿಲ ಸಂದಿಗೆ ನುಗ್ಗಿದವು. ಕೊನೆಗೆ ನುಗ್ಗಿದ್ದರ ಬೆನ್ನಿನ ಬೊಟ್ಟು ಬೀದಿಗೆಲ್ಲ ಕಂಡಿತು. ಯಾರೋ ಕಿಸಕ್ಕನೆ ನಕ್ಕರು.

ಅಖ್ತರ್‌ಬೀ ಒಡಕು ಚೂರುಗಳ ಮುಂದೆ ಕೂತು ಅಳಲಿಲ್ಲ. ಹುಲ್ಲಿನಲ್ಲಿ ಉಳಿದ ಕೆಂಪು ಮರಿಗಳನ್ನು ಸೆರಗಿಗೆ ಬಳಿದುಕೊಂಡು ಶಿಕ್ರಾದ ಮುಂದೆ ಇಟ್ಟಳು. ಅದು ತಿಂದು ಮುಗಿಸುವವರೆಗೆ ಕಾದಳು. ಹಕ್ಕಿಗೆ ಅಷ್ಟು ಏನೂ ಸಾಲದು. ಗೂಟದಿಂದ ಅಮೀರ್‌ಜಾನನ ತೊಗಲಿನ ಕೈಗವಸು ಇಳಿಸಿ ಎಡಗೈಗೆ ಏರಿಸಿದಳು. ದೊಡ್ಡದಾಯಿತು, ಮಣಿಕಟ್ಟಿಗೆ ದಾರ ಸುತ್ತಿದಳು. ಹಕ್ಕಿ ಹತ್ತಿ ಕೂತಿತು. ನಡುಹಗಲಿನಲ್ಲಿ, ತುಂಬಿದ ಬೀದಿಗೆ ಇಳಿದಳು.

"ಮಳಿಗೆ ಬಾಗ್ಲು ತೆಗೀರಿ ಅಣ್ಣಾರೇ."

"ಯಾಕೆ?"

"ನನ್ನವು ಒಳಗದಾವೆ."

"ಹೆಣ್ಣೆಂಗ್ಸು ಬೀದೀಲಿ ಹಕ್ಕಿ ಹಿಡ್ಕಂಡು ನಿಂತ್ರೆ ಜನ ಏನಂದಾರು?"

"ಏನಾರ ಅನ್ಲಿ. ಗುಡಾಣ ಇದ್ದಾಗ ನಾನೂ ಒಳಗೇ ಇದ್ದೆ. ಒಡೆದೋರು ನೀವು. ಇನ್ನು ದಿನಾ ಬರ್ತೀನಿ, ದಿನಕ್ಕೆರಡು ಹಿಡೀತೀನಿ. ನೀವು ತೆಗೀದಿದ್ರೆ ಅವು ನಿಮ್ಮ ಚೀಲದೊಳಗೆ ಸಂಸಾರ ಹೂಡ್ತಾವೆ."

ಎದುರುಮನೆಯ ಕಿಟಕಿಯಿಂದ ಬೀಗದ ಕೈ ಗೊಂಚಲು ಹಾರಿ ಬಂದು ಮಲ್ಲಿಕಾರ್ಜುನಪ್ಪನ ಕಾಲ ಬಳಿ ಬಿತ್ತು.

"ತೆಗೀರಿ ಸುಮ್ಕೆ," ಎಂದಿತು ಶಿವಗಂಗಮ್ಮನ ದನಿ. "ಕೂಸು ಈಗ ಮಲಗೈತೆ."

ಅವನು ಬಗ್ಗಿ ಎತ್ತಿಕೊಂಡ. ಬೀಗ ತೆಗೆಯಲು ಹೊತ್ತು ಹಿಡಿಯಿತು.

"ಬೊಟ್ಟಿನವನ್ನ ಏನ್ ಮಾಡ್ತಿ ಬೂಬಮ್ಮ?" ಜಯಪ್ಪ ಪಂಪು ಕೆಳಗಿಟ್ಟು ಕೇಳಿದ.

"ಅವನ್ನ ಬಿಡ್ತೀನಿ. ಇಲ್ಲೇ ಮರಿ ಹಾಕ್ಕಂಡಿರ್ಲಿ."

ಬಾಗಿಲು ತೆರೆಯಿತು. ಬೆಳಕು ಚೀಲಗಳ ಮೇಲೆ ಬಿತ್ತು, ಮೂಲೆಯಲ್ಲಿ ಏನೋ ಸರಿಯಿತು. ಶಿಕ್ರಾ ಕತ್ತು ಮುಂದಕ್ಕೆ ಚಾಚಿತು. ಅಖ್ತರ್‌ಬೀ ಮುಷ್ಟಿ ಎತ್ತಿ, ಹಕ್ಕಿಯ ಕಾಲಿನ ದಾರ ಬಿಟ್ಟಳು.