ಬೆಣ್ಣೆ ಬನ್ನಿಗೆ ಎಪ್ಪತ್ತು ನಿಮಿಷ

ಚನ್ನಪಟ್ಟಣದಲ್ಲಿ ಕಾಲೇಜಿನ ಎದುರು ಕ್ಯಾಂಟೀನ್ ನಡೆಸುವ ಯಲ್ಲಮ್ಮನಿಗೆ ಆ ಚೀಟಿಗಳನ್ನು ಕಂಡ ದಿನವೇ ತಲೆಯೊಳಗೆ ಹುಳ ಹೊಕ್ಕಿತು. ಆಹಾರದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಚೈತ್ರಾ ಪ್ರಿನ್ಸಿಪಾಲರ ಪತ್ರ ಹಿಡಿದು ಬಂದು, ಒಂದೊಂದು ತಿಂಡಿಯ ಮುಂದೆಯೂ ಒಂದೊಂದು ಚೀಟಿ ಅಂಟಿಸಿದ್ದಳು. ಬೆಣ್ಣೆ ಬನ್ನು: ಎಪ್ಪತ್ತು ನಿಮಿಷ ನಡಿಗೆ. ವಡೆ: ಐವತ್ತು ನಿಮಿಷ.

“ತಿನ್ನಾಕೂ ನಡಿಯಾಕೂ ಏನವ್ವ ಸಂಬಂಧ?”

“ತಿಂದಿದ್ದು ಕರಗೋಕೆ ಅಷ್ಟು ಹೊತ್ತು ನಡೀಬೇಕು ಅಕ್ಕ. ಕ್ಯಾಲೊರಿ ಅಂದ್ರೆ ಯಾರಿಗೂ ಅರ್ಥ ಆಗಲ್ಲ. ಹಿಂಗೆ ಬರೆದ್ರೆ ಜನ ಏನು ಆರಿಸ್ಕೋತಾರೆ ಅಂತ ಒಂದು ತಿಂಗಳು ನೋಡ್ತೀನಿ.”

ಯಲ್ಲಮ್ಮ ನಂಬಲಿಲ್ಲ. ಹಿಂದಿನ ಬೀದಿಯಲ್ಲಿ ಜ್ಯೂಸ್ ಅಂಗಡಿ ತೆರೆದಿದ್ದ ದೇವರಾಜನೇ ಇವಳನ್ನು ಛೂ ಬಿಟ್ಟಿದ್ದಾನೆ ಎಂದುಕೊಂಡಳು. ಮಾರನೆಯ ದಿನ ಹೋಗಿ ಇಣುಕಿದರೆ ಅವನ ಮೋಸಂಬಿ ಜ್ಯೂಸಿಗೂ ಚೀಟಿ!

“ನೀನೇ ತಾನೆ ಯಲ್ಲಕ್ಕ ಅವಳ್ನ ಕಳ್ಸಿದ್ದು?” ಎಂದು ಅವನೇ ಕಣ್ಣು ಕೆಂಪಗೆ ಮಾಡಿದ.

ಹಾಗಾದರೆ ಈ ಹುಡುಗಿಯ ಒಳಮರ್ಮವೇನು? ಯಲ್ಲಮ್ಮ ಗಿರಾಕಿಗಳ ಮೇಲೆ ಕಣ್ಣಿಟ್ಟಳು. ಡೊಳ್ಳುಹೊಟ್ಟೆಯ ಮೇಷ್ಟ್ರುಗಳು ಚೀಟಿ ಓದಿ ನಕ್ಕರು. “ಬೆಳಿಗ್ಗೆ ವಾಕಿಂಗ್ ಆಗೈತೆ, ಇನ್ನೊಂದು ವಡೆ ಕೊಡಮ್ಮ” ಎಂದರು. ಆದರೆ ದಿನಾ ಬೆಣ್ಣೆ ಬನ್ನು ಕೇಳುತ್ತಿದ್ದ, ಕಡ್ಡಿಯಂಥ ಕಾಲೇಜು ಹುಡುಗಿ ಧನುಶ್ರೀ ಈಗ ಸಕ್ಕರೆಯಿಲ್ಲದ ಟೀ ಮಾತ್ರ ಕುಡಿದು ಹೋಗುತ್ತಿದ್ದಳು. ದಿನಾ ಮೂಲೆಯ ಬೆಂಚಲ್ಲಿ ಕೂರುತ್ತಿದ್ದ ಚೈತ್ರಾ ಅವಳನ್ನು ನೋಡಿ ನಗುತ್ತಾ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಆ ನಗು ಯಲ್ಲಮ್ಮನಿಗೆ ಹಿಡಿಸಲಿಲ್ಲ.

ಮೂರನೆಯ ವಾರ ಒಂದು ಮಧ್ಯಾಹ್ನ, ಟೀ ಕುಡಿದು ಎದ್ದ ಧನುಶ್ರೀ ಕ್ಲಾಸಿಗೆ ಹೋಗದೆ ಮೈದಾನದತ್ತ ತಿರುಗಿದಳು. ಅನುಮಾನ ಬಂದು ಯಲ್ಲಮ್ಮ ಹಿಂದೆಯೇ ಹೋದಳು. ಹುಡುಗಿ ಸುಡುಬಿಸಿಲಲ್ಲಿ ಮೈದಾನ ಸುತ್ತುತ್ತಿದ್ದಳು. ಐದನೇ ಸುತ್ತಿಗೆ ಗೋಡೆ ಹಿಡಿದು ಕುಸಿದಳು.

ಯಲ್ಲಮ್ಮ ಓಡಿ ಹೋಗಿ ತಬ್ಬಿಕೊಂಡಳು. “ಏನ್ ಮಗಾ ಇದು?”

“ನೆನ್ನೆ ಅಮ್ಮ ಬಲವಂತವಾಗಿ ಹೋಳಿಗೆ ತಿನ್ಸುದ್ರು ಅಕ್ಕ. ಇನ್ನೂ ಇಪ್ಪತ್ತು ನಿಮಿಷ ಬಾಕಿ ಐತೆ.”

ಯಲ್ಲಮ್ಮ ಅವಳನ್ನು ನಡೆಸಿಕೊಂಡು ಬಂದು ಚೈತ್ರಾಳ ಮುಂದೆ ಕೂರಿಸಿದಳು. “ನೋಡವ್ವ, ನಿನ್ನ ಚೀಟಿ ಯಾರಿಗೆ ನಾಟೈತೆ ಅಂತ. ಕರಗ್ಸಾಕೆ ಈ ಮಗೀನ ಮೈಯಾಗೆ ಏನೈತೆ?”

ಚೈತ್ರಾ ಬಿಳಿಚಿಕೊಂಡಳು. “ಇವಳು ಚೆನ್ನಾಗಿ ಬದಲಾಗಿದಾಳೆ ಅಂತ ಬರ್ಕೊಂಡಿದ್ದೆ ಅಕ್ಕ,” ಎಂದಳು ಮೆಲ್ಲಗೆ. ಎದ್ದು ಹೋಗಿ ಒಂದೊಂದೇ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು.

ಯಲ್ಲಮ್ಮ ಬಿಸಿ ತಟ್ಟೆ ಇಡ್ಲಿ ತಂದಿಟ್ಟಳು. ಧನುಶ್ರೀ ಅದನ್ನೇ ದಿಟ್ಟಿಸಿದಳು, ಮುಟ್ಟಲಿಲ್ಲ.

“ಇದಕ್ಕೆಷ್ಟು ನಿಮಿಷ ಅಕ್ಕ?”

ಗಿರಾಕಿಗಳು ಕೂಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಯಲ್ಲಮ್ಮ ಹುಡುಗಿಯ ಎದುರು ಕೂತಳು. ಒಂದು ತುಂಡು ಮುರಿದು, ಚಟ್ನಿಗೆ ಅದ್ದಿ, ಅವಳ ಬಾಯಿಯ ಹತ್ತಿರ ಹಿಡಿದು ಕಾದಳು.